ಭಾನುವಾರದ ಅಂತರ ಕಾಲೇಜು ಕಬಡ್ಡಿ ಫೈನಲ್: ಕಾರವಾರದ ರೈಡೋ, ಶಿರಸಿಯ ಡಿಫೆನ್ಸೋ?

ಕೋಡಿಬಾಗದ ಹುಡುಗ

ಕಾರವಾರ–ಶಿರಸಿ ಫೈನಲ್ ಭಾನುವಾರ ಸಂಜೆ ಮಾಲಾದೇವಿ ಮೈದಾನದಲ್ಲಿ. ಮ್ಯಾಟ್ ಮೇಲೆ, ಲೈಟ್ ಹಾಕಿ. "ಯಾರು ಗೆಲ್ತಾರೆ" ಅಂತ ಕೇಳಿದರೆ ಅರ್ಧ ಜನ ಘಟ್ಟದ ಮೇಲೆ, ಅರ್ಧ ಜನ ಕೆಳಗೆ ನಿಂತು ಬೈದಾಡೋದು ಗ್ಯಾರಂಟಿ. ಅದು ಬೇಡ. ಯಾರ ಎದುರು ಯಾರು ಬೀಳ್ತಾರೆ ಅನ್ನೋದನ್ನಷ್ಟೇ ಮಾತಾಡೋಣ. ಹುಡುಗರ ಹೆಸರೂ ಬೇಡ, ಜೆರ್ಸಿ ನಂಬರ್ ಸಾಕು.

ನನ್ನ ಲೆಕ್ಕ ಇಷ್ಟು. ನಮ್ಮ ಕಾರವಾರದ 7 ನಂಬರ್ ರೈಟ್ ರೈಡರ್, ತನ್ನ ಬಲಗಡೆ ಹಿಡಿದು ಒಳಗೆ ಹೋಗುವವ. ಅಲ್ಲಿ ಅವನಿಗೆ ಎದುರು ಸಿಗೋದು ಶಿರಸಿಯ ಲೆಫ್ಟ್ ಕಾರ್ನರ್, ಅಂದರೆ ಸಾಲಿನ ಎಡತುದಿಯ ಡಿಫೆಂಡರ್, 4 ನಂಬರ್. ಆ ಹುಡುಗನ ಆ್ಯಂಕಲ್ ಹೋಲ್ಡ್ (ಕಣಕಾಲು ಹಿಡಿಯೋದು) ಸೆಮಿಫೈನಲ್‌ನಲ್ಲಿ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಹಾಗಾದರೆ 7 ತನ್ನ ಬದಿ ಬದಲಿಸಿ ಎಡಗಡೆಯಿಂದ ಹೋಗೋದು ಒಳ್ಳೆಯದೋ, ಅಥವಾ ರೂಢಿಯಾದ ಕಡೆಯಿಂದಲೇ ಹೋಗಿ 4 ನಂಬರ್‌ನವನನ್ನು ಆಡಿಸಬೇಕೋ?

ಎರಡನೆಯದು ಶಿರಸಿಯ 9 ನಂಬರ್. ಉದ್ದ ಕಾಲು, ಬೋನಸ್ (ಬೋನಸ್ ಲೈನ್ ದಾಟಿ ಕಾಲೂರಿ ಗಳಿಸುವ ಪಾಯಿಂಟ್) ಅವನ ಕಸುಬು. ಅವನು ಬರೋದು ನಮ್ಮ ರೈಟ್ ಕಾರ್ನರ್ ಕಡೆ. ಅಲ್ಲಿ ನಿಲ್ಲೋದು 11 ನಂಬರ್. ಹುಡುಗ ಚುರುಕು, ಆದರೆ ತಾಳ್ಮೆ ಇಲ್ಲ, ರೈಡರ್ ಬಾಕ್ ಲೈನ್ (ಖಾಲಿ ರೈಡಿಗೂ ದಾಟಲೇಬೇಕಾದ ಗೆರೆ) ದಾಟುವ ಮೊದಲೇ ಹಾರ್ತಾನೆ. ಬೋನಸ್ ಬಿಟ್ಟುಕೊಟ್ಟು ಸುಮ್ಮನಿರಬೇಕೋ, ಹಿಡಿಯಬೇಕೋ?

ಮೂರನೆಯದು ಅವರ 2 ನಂಬರ್. ಡೂ ಆರ್ ಡೈ (ಪಾಯಿಂಟ್ ಇಲ್ಲದ ಎರಡು ರೈಡ್ ಆದ ಮೇಲೆ, ಪಾಯಿಂಟ್ ತರಲೇಬೇಕಾದ ಮೂರನೇ ರೈಡ್) ಬಂದಾಗ ಮಾತ್ರ ಬರುವ ದಪ್ಪ ಆಳು. ಇವನನ್ನು ಯಾರು ನೋಡಿಕೊಳ್ಳಬೇಕು?

ಗೊತ್ತಿದ್ದವರು ಸ್ವಲ್ಪ ಬಿಡಿಸಿ ಬರೆಯಿರಿ.

ಹೊನ್ನಾವರ ಮಾಸ್ತರ

ಪ್ರಶ್ನೆ ಸರಿಯಾಗಿದೆ, ಕ್ರಮ ಮಾತ್ರ ತಪ್ಪಿದೆ. 7 ನಂಬರ್ ಎಡಕ್ಕೆ ಹೋಗ್ತಾನೋ ಬಲಕ್ಕೆ ಹೋಗ್ತಾನೋ ಅನ್ನೋದಕ್ಕಿಂತ ಮುಂಚೆ, ಅವನು ಔಟಾದರೆ ಎಷ್ಟು ಹೊತ್ತು ಹೊರಗೆ ಕೂರ್ತಾನೆ ಅಂತ ಕೇಳಿ. ಕಾರವಾರಕ್ಕೆ ನಂಬುವ ರೈಡರ್ ಒಬ್ಬನೇ. ಅವನು ಸಿಟ್ಟಿಂಗ್ ಬ್ಲಾಕ್‌ನಲ್ಲಿ ಕೂತಷ್ಟು ಹೊತ್ತು ಆಟ ಶಿರಸಿಯವರದ್ದು.

ಕಬಡ್ಡಿಯಲ್ಲಿ ಮೊದಲು ಔಟಾದವನು ಮೊದಲು ಜೀವ ಪಡೆಯುತ್ತಾನೆ. ಎಲ್ಲರಿಗೂ ಗೊತ್ತಿರುವ ನಿಯಮ, ಲೆಕ್ಕ ಹಾಕುವವರು ಕಡಿಮೆ. ಏಳೂ ಜನ ಒಳಗಿರುವಾಗ 7 ನಂಬರ್ ಔಟಾದ ಅನ್ನಿ. ಸಾಲಿನಲ್ಲಿ ಅವನೇ ಮೊದಲಿಗ. ನಮ್ಮವರು ಒಂದು ಟ್ಯಾಕಲ್ ಮಾಡಿದರೂ, ಬೇರೆ ರೈಡರ್ ಒಬ್ಬನನ್ನು ಮುಟ್ಟಿ ಬಂದರೂ ಅವನು ವಾಪಸ್. ಅದೇ ಮೂರು ಜನ ಈಗಾಗಲೇ ಹೊರಗೆ ಕೂತಿರುವಾಗ ಅವನು ಔಟಾದರೆ ಸಾಲಿನಲ್ಲಿ ನಾಲ್ಕನೆಯವ. ಒಂದೊಂದು ಪಾಯಿಂಟಿಗೆ ಒಬ್ಬೊಬ್ಬನೇ ಒಳಗೆ ಬರಬೇಕು. ಬೋನಸ್ ಪಾಯಿಂಟಿಗೆ ಯಾರೂ ಬರೋದಿಲ್ಲ. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ರೈಡರ್ ಹಿಡಿದರೆ ಅದು ಸೂಪರ್ ಟ್ಯಾಕಲ್. ಸೂಪರ್ ಟ್ಯಾಕಲ್‌ಗೆ ಎರಡು ಪಾಯಿಂಟ್ ಸಿಕ್ಕರೂ ಬರುವವನು ಒಬ್ಬನೇ, ಯಾಕೆಂದರೆ ಔಟಾದ ರೈಡರ್ ಒಬ್ಬನೇ. ಅಂದರೆ ಒಳಗೆ ಉಳಿದ ಮೂವರೇ ನಾಲ್ಕು ಜೀವ ದುಡಿಯಬೇಕು, ಇಲ್ಲ ಆಲೌಟ್ ಆಗಿ ಎದುರಿನವರಿಗೆ ಎರಡು ಪಾಯಿಂಟ್ ಹೆಚ್ಚಿಗೆ ಕೊಟ್ಟು ಏಳೂ ಜನ ಒಟ್ಟಿಗೆ ಬರಬೇಕು.

ಹಾಗಾಗಿ 7 ನಂಬರ್‌ಗೆ ಅಪಾಯದ ಹೊತ್ತು ಯಾವುದೆಂದರೆ ನಮ್ಮವರು ನಾಲ್ಕು–ಐದು ಜನ ಒಳಗಿರುವಾಗ. ಆರು–ಏಳು ಜನ ಇದ್ದಾಗ ಧೈರ್ಯವಾಗಿ ಆಡಲಿ. ಇಬ್ಬರೇ ಉಳಿದಾಗಲೂ ಆಡಲಿ, ಔಟಾದರೂ ಆಲೌಟ್ ಹತ್ತಿರವೇ ಇರುತ್ತದೆ, ಕಾಯುವುದು ಕಡಿಮೆ. ನಡುವಿನ ಹೊತ್ತಿನಲ್ಲಿ ಅವನು ಬಾಕ್ ಲೈನ್ ದಾಟಿ, ಯಾರ ಕೈಗೂ ಸಿಗದೆ ಬರಬೇಕು. ಖಾಲಿ ರೈಡ್ ಆದರೆ ಆಗಲಿ. ಮೂರನೇ ರೈಡಿಗೆ ಇನ್ನೊಬ್ಬನನ್ನು ಕಳಿಸಿ. ಹೆಚ್ಚಿನ ಕೋಚ್‌ಗಳು ಇಲ್ಲೇ ಎಡವುತ್ತಾರೆ. ಡೂ ಆರ್ ಡೈ ಅಂದ ಕೂಡಲೇ ಒಳ್ಳೆಯ ರೈಡರ್‌ನನ್ನೇ ಎಬ್ಬಿಸಿ ಕಳಿಸ್ತಾರೆ. ನಾಲ್ಕು ಜನ ಒಳಗಿರುವಾಗ ಸಿಗುವ ಒಂದು ಪಾಯಿಂಟಿಗೆ ಅವನನ್ನು ಪಣಕ್ಕಿಡೋದು ದುಬಾರಿ ವ್ಯವಹಾರ.

ಇನ್ನು ಬದಿ ಬದಲಿಸುವ ವಿಷಯ. ಬೇಡ. ರೈಟ್ ರೈಡರ್‌ನ ಟೋ ಟಚ್, ತಿರುಗುವ ದಿಕ್ಕು, ವಾಪಸ್ ಓಡುವ ಮೊದಲ ಹೆಜ್ಜೆ ಎಲ್ಲ ಒಂದು ಕಾಲಿಗೆ ಕೂತಿರುತ್ತದೆ. ಫೈನಲ್ ದಿನ ಎಡಗಡೆ ಹೋದರೆ ತಿರುಗುವಾಗ ಅವನ ಬೆನ್ನು ಸಾಲಿನ ನಡುವಿನವನ ಪಕ್ಕ ನಿಲ್ಲುವ ಕವರ್‌ಗೆ ಬೀಳುತ್ತದೆ. ಶಿರಸಿಯ ಕವರ್‌ಗೆ ಅಷ್ಟೇ ಸಾಕು.

ಬದಲಿಗೆ 4 ನಂಬರ್‌ನವನ ಕೈಗೆ ಕಾಲು ಕೊಡದೆ ಆಡಲಿ. ಆ್ಯಂಕಲ್ ಹೋಲ್ಡ್ ಮಾಡುವವನು ಕಾಯೋದು ಭಾರ ಬಿದ್ದ ಕಾಲಿಗೆ. ಭಾರ ಇಲ್ಲದ ಕಾಲನ್ನು ಹಿಡಿದರೆ ರೈಡರ್ ಇನ್ನೊಂದು ಕಾಲ ಮೇಲೆ ನಿಂತು ಝಾಡಿಸಿ ಎಳೆದುಕೊಳ್ತಾನೆ. ಟೋ ಟಚ್‌ಗೆ ಕಾಲು ಚಾಚಿದಾಗ ಭಾರವೆಲ್ಲ ಹಿಂದಿನ ಕಾಲಿನ ಮೇಲೆ ಇರಬೇಕು, ಸೊಂಟ ಮಧ್ಯರೇಖೆಯ ಕಡೆ ಇರಬೇಕು. ಸೆಮಿಫೈನಲ್‌ನಲ್ಲಿ 7 ನಂಬರ್ ಸಿಕ್ಕಿಬಿದ್ದದ್ದೆಲ್ಲ ಸೊಂಟ ಮುಂದೆ ಹೋದಾಗಲೇ. ಇನ್ನೊಂದು ದಾರಿ, ಕಾರ್ನರ್‌ನವನನ್ನು ಬಿಟ್ಟು ಅವನ ಪಕ್ಕದ ಲೆಫ್ಟ್ ಇನ್‌ಗೆ ಕೈ ಹಾಕೋದು. ಇನ್‌ನವನ ಕಣ್ಣು ಕಾರ್ನರ್ ಮೇಲೆ ಇರುತ್ತದೆ, ಯಾಕೆಂದರೆ ಕಾರ್ನರ್ ಎದ್ದಾಗ ಅವನು ಬೆಂಬಲಕ್ಕೆ ಹೋಗಬೇಕು. ಆ ಅರೆಕ್ಷಣದಲ್ಲಿ ಅವನ ಮುಂಗೈ ಬಯಲಾಗಿರುತ್ತದೆ. ರನ್ನಿಂಗ್ ಹ್ಯಾಂಡ್ ಟಚ್‌ಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಘಟ್ಟದ ಮೇಲಿನವ

ಮಾಸ್ತರ್ರೇ, ಸಾಲಿನ ಲೆಕ್ಕ ಒಪ್ಪಿದೆ. ಆದರೆ "ಒಬ್ಬನೇ ರೈಡರ್" ಅನ್ನೋದನ್ನು ಬರೀ ದೌರ್ಬಲ್ಯ ಅಂತ ನೋಡಬೇಡಿ. 2019ರ ಜನವರಿ 5ರಂದು ಮುಂಬೈನಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ವಿರುದ್ಧ 38–33ರಲ್ಲಿ ಪ್ರೊ ಕಬಡ್ಡಿ ಗೆದ್ದದ್ದು ಹೇಗೆ? ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ. ಅರ್ಧಕ್ಕೆ ಗುಜರಾತ್ ಮುಂದಿತ್ತು. ಡಿಫೆನ್ಸ್ ನೋಡಿದರೂ ಗುಜರಾತ್‌ದೇ ಗಟ್ಟಿ ಅನ್ನುವ ಹಾಗಿತ್ತು. ಒಬ್ಬ ರೈಡರ್ ಮ್ಯಾಟ್ ಮೇಲೆ ಉಳಿದುಬಿಟ್ಟರೆ ಎಂಥ ಡಿಫೆನ್ಸೂ ಸುಸ್ತಾಗುತ್ತದೆ. ಹಾಗಾಗಿ ನಮ್ಮ ಶಿರಸಿಯವರಿಗೆ ಮೊದಲ ಕೆಲಸ, ಮೊದಲ ಐದು ನಿಮಿಷದಲ್ಲಿ 7 ನಂಬರ್‌ನವನನ್ನು ಕೆಡವೋದಲ್ಲ. ಮಾಸ್ತರ್ರೇ ಹೇಳಿದ ಹಾಗೆ ಆಗ ಕೆಡವಿದರೆ ಮರುಗಳಿಗೆ ಎದ್ದು ಬರ್ತಾನೆ. ಮೊದಲು ಅವನ ಸುತ್ತಲಿನ ಇಬ್ಬರು–ಮೂವರನ್ನು ತೆಗೆದು, ಆಮೇಲೆ ಅವನನ್ನು ಹಿಡಿಯೋದು. ನಮ್ಮ ಕೋಚ್‌ಗೆ ಇದು ಗೊತ್ತಿಲ್ಲ ಅಂದ್ಕೊಂಡಿದ್ರೆ ನಿಮ್ಮ ಖುಷಿ!

ಅದಕ್ಕೇ 9 ನಂಬರ್ ಶುರುವಿಗೆ ಬೋನಸ್ ತೆಗೆಯೋದು. ಬೋನಸ್ ಇರೋದು ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಮಾತ್ರ. ಐದಕ್ಕೆ ಇಳಿದರೆ ಅವನ ಅಂಗಡಿ ಬಂದ್. ಹಾಗಾಗಿ ಅವನು ಮೊದಲ ಹತ್ತು ನಿಮಿಷದ ಆಟಗಾರ, ಆಮೇಲೆ ನಮ್ಮ ಆಟ ಬದಲಾಗುತ್ತದೆ. ಕಾರವಾರದವರು ಅವನಿಗೆ ಎರಡು ಬೋನಸ್ ಕೊಟ್ಟು ಸಿಟ್ಟಾಗಿ 11 ನಂಬರ್‌ನವನನ್ನು ಮುಂದೆ ಬಿಟ್ಟರೆ, ಬೋನಸ್ ಜೊತೆಗೆ ಒಂದು ಟಚ್ಚೂ ನಮಗೆ ಬೋಣಿ.

4 ನಂಬರ್ ಬಗ್ಗೆ ಒಂದು ಮಾತು. ಅವನು ಒಬ್ಬನೇ ಹಿಡಿಯೋದಿಲ್ಲ. ಅವನು ಕಾಲಿಗೆ ಬಿದ್ದ ಮರುಕ್ಷಣ ಲೆಫ್ಟ್ ಇನ್ ಸೊಂಟಕ್ಕೆ ಬರ್ತಾನೆ, ಲೆಫ್ಟ್ ಕವರ್ ಮಧ್ಯರೇಖೆಯ ಕಡೆ ಅಡ್ಡ ನಿಲ್ತಾನೆ. ಕಾರವಾರದವರಿಗೆ ಹೇಳೋದಾದರೆ, ನಿಮ್ಮ ಸಮುದ್ರದ ರಂಪಣಿ ಬಲೆ ಎರಡೂ ತುದಿಯಿಂದ ಎಳೆದ ಹಾಗೆ. ನಡುವೆ ಇದ್ದ ಮೀನು ಎತ್ತ ಹಾರಿದರೂ ಬಲೆಯೇ.

ಸದಾಶಿವಗಡ ಎಕ್ಸ್‌ಪ್ರೆಸ್

ರಂಪಣಿ ಎಳೆದು ಗೊತ್ತಿರೋದು ನಮಗೆ ಮಾರಾಯಾ, ನಿಮಗಲ್ಲ. ಭಾನುವಾರ ನೋಡೋಣ.

ಕುಮಟಾ ಕವರ್

ಬಲೆಯ ಜಗಳ ಆಮೇಲೆ ಮಾಡಿ. 11 ನಂಬರ್ ಬಗ್ಗೆ ಇಬ್ಬರೂ ಅರ್ಧ ಹೇಳಿದ್ದೀರಿ.

ಮಧ್ಯರೇಖೆಯಿಂದ ಬಾಕ್ ಲೈನ್ 3.75 ಮೀಟರ್, ಅಲ್ಲಿಂದ ಬೋನಸ್ ಲೈನ್ ಇನ್ನೊಂದು ಮೀಟರ್. ಅಂಕಣದ ಒಂದು ಪಾಲು ಇರೋದೇ 6.5 ಮೀಟರ್. ಅಂದರೆ ಬೋನಸ್ ಲೈನ್ ಹಿಂದೆ ಎಂಡ್ ಲೈನ್ ತನಕ ಉಳಿಯೋದು 1.75 ಮೀಟರ್. 11 ನಂಬರ್ ನಿಲ್ಲಬೇಕಾದ್ದು ಆ ಪಟ್ಟಿಯಲ್ಲಿ. ಅವನು ಬೋನಸ್ ಲೈನ್ ಮುಂದೆ ಬಂದು ನಿಲ್ತಾನೆ. 9 ನಂಬರ್‌ಗೆ ಬೇಕಾದ್ದೂ ಅದೇ. ಹುಡುಗ ಮುಂದೆ ಬಂದಷ್ಟೂ ಹಿಂದೆ ಕಾಲಿಡಲು ಜಾಗ ಸಿಗುತ್ತದೆ, ಕಾಲು ವಾಪಸ್ ಎಳೆಯುವಾಗ ಹುಡುಗನ ಮೊಣಕಾಲಿಗೆ ಒಂದು ಟಚ್ಚೂ ಸಿಗುತ್ತದೆ.

ಬೋನಸ್ ಸಿಗಬೇಕಾದರೆ ರೈಡರ್‌ನ ಮುಂದಿನ ಕಾಲು ಬೋನಸ್ ಲೈನನ್ನು ಪೂರ್ತಿ ದಾಟಿ ನೆಲ ಮುಟ್ಟಬೇಕು, ಆಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಅಂದರೆ ಆ ಕ್ಷಣದಲ್ಲಿ ಅವನ ಇಡೀ ಭಾರ ಒಂದೇ ಕಾಲಿನ ಮೇಲೆ, ಮಧ್ಯರೇಖೆ 4.75 ಮೀಟರಿಗಿಂತ ಹಿಂದೆ. ಇಡೀ ರೈಡ್‌ನಲ್ಲಿ ಅವನು ಅಷ್ಟು ಬಡವ ಆಗೋದು ಇನ್ನೊಮ್ಮೆ ಇಲ್ಲ. 11 ನಂಬರ್ ಅಲ್ಲಿಯ ತನಕ ಕಾಯಬೇಕು. ಕಾಲು ಬರುವಾಗ ಹಿಡಿಯಲು ಹೋಗಬಾರದು, ಕಾಲು ಊರಿದಾಗ ಹೋಗಬೇಕು. ಎರಡಕ್ಕೂ ಕಣ್ಣು ಮಿಟುಕಿಸುವಷ್ಟೇ ವ್ಯತ್ಯಾಸ. ಆದರೆ ಒಂದರಲ್ಲಿ ರೈಡರ್ ಹಾರಿ ಹೋಗ್ತಾನೆ, ಇನ್ನೊಂದರಲ್ಲಿ ಕೂತುಬಿಡ್ತಾನೆ. ಹಿಡಿಯುವಾಗ ಎರಡೂ ಕೈ ಹಿಮ್ಮಡಿಯ ಮೇಲೆ ಒಂದಕ್ಕೊಂದು ಬೀಗ ಬೀಳಬೇಕು, ಭುಜ ಅವನ ಮೀನಖಂಡಕ್ಕೆ ಒತ್ತಬೇಕು. ತಲೆ ಹೊರಬದಿಗೆ. ತಲೆ ಒಳಗಡೆ ಇಟ್ಟರೆ ಮೊಣಕಾಲು ಮುಖಕ್ಕೇ ಬರುತ್ತದೆ.

ಬೋನಸ್ ಹೋಯಿತಲ್ಲ ಅಂತ ಕೊರಗಬೇಡಿ. ಬೋನಸ್ ತೆಗೆದ ರೈಡರ್ ಸಿಕ್ಕಿಬಿದ್ದರೆ ಅವರಿಗೊಂದು, ನಮಗೊಂದು. ಅವರ ಒಂದಕ್ಕೆ ಯಾರೂ ಎದ್ದು ಬರೋದಿಲ್ಲ. ನಮ್ಮ ಒಂದಕ್ಕೆ ನಮ್ಮವನೊಬ್ಬ ಬರ್ತಾನೆ, ಮೇಲಿಂದ 9 ನಂಬರ್ ಹೊರಗೆ. ಸ್ಕೋರ್ ಬೋರ್ಡ್‌ನಲ್ಲಿ ಸಮ, ಮ್ಯಾಟ್ ಮೇಲೆ ಲಾಭ ನಮ್ಮದು.

ಇನ್ನು 2 ನಂಬರ್. ಅವನಿಗೆ ಆ್ಯಂಕಲ್ ಹೋಲ್ಡ್ ಬೇಡವೇ ಬೇಡ. ಅಷ್ಟು ತೂಕದ ಆಳು ಕಾಲು ಹಿಡಿದವನನ್ನು ಎಳೆದುಕೊಂಡೇ ಮಧ್ಯರೇಖೆಯ ತನಕ ಹೋಗ್ತಾನೆ, ಕೈ ಚಾಚಿ ಗೆರೆ ಮುಟ್ಟಿದರೂ ಮುಗಿಯಿತು. ಅವನಿಗೆ ಕವರ್‌ನಿಂದ ಡ್ಯಾಶ್ (ಮೈಯಿಂದ ಗುದ್ದಿ ಹೊರಗೆ ತಳ್ಳೋದು) ಆಗಬೇಕು, ಅದೂ ಅವನು ಕಾರ್ನರ್ ಕಡೆ ಮುಖ ತಿರುಗಿಸಿದಾಗ, ಪಕ್ಕೆಗೆ. ಇಲ್ಲೊಂದು ತಪ್ಪು ಪ್ರತಿ ಮ್ಯಾಚಿನಲ್ಲೂ ನಡೆಯುತ್ತದೆ. ಲಾಬಿಗೆ (ಅಂಕಣದ ಎರಡೂ ಬದಿಯ ಒಂದು ಮೀಟರ್ ಪಟ್ಟಿ) ತಳ್ಳಿದರೆ ಔಟ್ ಅಂತ ಹುಡುಗರು ನಿಂತುಬಿಡ್ತಾರೆ. ಮುಟ್ಟುವ ತನಕ ಮಾತ್ರ ಲಾಬಿ ಹೊರಗಿನ ಜಾಗ. ಮೈಗೆ ಮೈ ತಾಗಿದ ಮೇಲೆ ಲಾಬಿಯೂ ಆಟದೊಳಗೆ ಬರುತ್ತದೆ. ಹಾಗಾಗಿ ಡ್ಯಾಶ್ ಹೊಡೆದವನು ಇನ್ನೊಂದು ಮೀಟರ್ ಅವನನ್ನು ಒಯ್ಯಬೇಕು, ಹೊರಗೆರೆಯ ಆಚೆ. ಭುಜ ತಾಗಿಸಿ ನಿಲ್ಲಬಾರದು, ಕಾಲು ಓಡುತ್ತಲೇ ಇರಬೇಕು. ಹೆಣ್ಣುಮಕ್ಕಳ ಅಂಕಣದಲ್ಲಿ ಲಾಬಿ ಬಿಟ್ಟು ಒಳಗಿನ ಅಗಲ 6 ಮೀಟರ್, ಗಂಡಸರದ್ದು 8. ನಡುವಿನಿಂದ ಡ್ಯಾಶ್ ಹೊಡೆದು ಹೊರಗೆ ಹಾಕಲು ಗಂಡಸರ ಅಂಕಣದಲ್ಲಿ ಅಷ್ಟು ದೂರ ಜಾಸ್ತಿ. ಅದಕ್ಕೆ ಸೆಂಟರ್‌ನವನು ಡ್ಯಾಶ್ ಮಾಡೋದು ಬೇಡ, ಹೊರಗೆರೆಗೆ ಹತ್ತಿರ ಇರುವ ಕವರ್‌ನವನೇ ಮಾಡಲಿ.

ಕಾರವಾರದ ರೈಟ್ ಕವರ್ ಈ ಕೆಲಸಕ್ಕೆ ಸರಿಯಾದ ಆಳು. ಲೆಫ್ಟ್ ಕವರ್ ಅಲ್ಲ, ಅವನು ಅಂಗಿ ಹಿಡಿದು ಎಳೀತಾನೆ. ಅಂಪೈರ್ ಕಣ್ಣಿಗೆ ಬಿದ್ದರೆ ಹೋಯಿತು.

ಕೋಡಿಬಾಗದ ಹುಡುಗ

ಅಕ್ಕಾ, ಡೂ ಆರ್ ಡೈ ಹೊತ್ತಿಗೆ ನಮ್ಮವರು ಐದೇ ಜನ ಇದ್ದರೆ? ಆಗಲೂ ಕವರ್ ಡ್ಯಾಶೇ?

ಕುಮಟಾ ಕವರ್

ಐದು ಜನ ಇದ್ದಾಗ ಸೆಂಟರ್ ಜಾಗ ಖಾಲಿ ಬಿಡಿ, ಕಾರ್ನರ್ ಎರಡೂ ಇರಲಿ, ಕವರ್ ಎರಡೂ ಇರಲಿ, ಒಬ್ಬ ಇನ್ ಸಾಕು. ಆ ಇನ್ 2 ನಂಬರ್ ಬರುವ ಕಡೆ ಇರಬೇಕು. ಮತ್ತೆ ಮುಖ್ಯವಾದ್ದು, ಮೊದಲ 20 ಸೆಕೆಂಡ್ ಯಾರೂ ಏಳಬಾರದು. ಪಾಯಿಂಟ್ ಬೇಕಾದ್ದು ಅವನಿಗೆ. ಬರಿಗೈಲಿ ಹೋದರೆ ಅವನೇ ಔಟ್. ಅವನೇ ಬರಲಿ. 30 ಸೆಕೆಂಡ್ ಮುಗಿಯುತ್ತ ಬಂದ ಹಾಗೆ ಅವನು ಒಳಕ್ಕೆ ಬರಲೇಬೇಕು, ಆಗ ಏಳಿ.

ಮೂವರೇ ಉಳಿದಾಗ ಸೂಪರ್ ಟ್ಯಾಕಲ್ ಆಸೆಗೆ ಮೂವರೂ ಒಟ್ಟಿಗೆ ಹಾರೋದು ಬೇಡ. ಒಬ್ಬ ಹಿಡಿದ ಮೇಲೆ ಉಳಿದಿಬ್ಬರು. ಮೂವರೂ ತಾಗಿ ರೈಡರ್ ತಪ್ಪಿಸಿಕೊಂಡರೆ ಮೂರು ಪಾಯಿಂಟ್, ಆಲೌಟಿನ ಎರಡು, ಒಟ್ಟು ಐದು. ಫೈನಲ್‌ನಲ್ಲಿ ಐದು ಪಾಯಿಂಟ್ ಒಂದೇ ರೈಡ್‌ನಲ್ಲಿ ಕೊಟ್ಟ ತಂಡ ಆಮೇಲೆ ಅರ್ಧ ಗಂಟೆ ಅದನ್ನೇ ಅಟ್ಟಿಸಿಕೊಂಡು ಓಡಬೇಕು.

ಅಂಕೋಲಾ ಅಂಪೈರ್

ಆಟದ ಬಗ್ಗೆ ನೀವೆಲ್ಲ ಬರೆದಿದ್ದೀರಿ, ನಾನು ಗಡಿಯಾರ ಮತ್ತು ಮ್ಯಾಟ್ ಬಗ್ಗೆ ಬರೀತೇನೆ. ಇವೆರಡನ್ನು ಲೆಕ್ಕಕ್ಕೆ ಇಟ್ಟುಕೊಳ್ಳದ ತಂಡ ಕೊನೆಗೆ ನಮ್ಮ ಹತ್ತಿರ ಬಂದು ವಾದ ಮಾಡುತ್ತದೆ.

ಪುರುಷರದ್ದು 20 ನಿಮಿಷದ ಎರಡು ಅರ್ಧ, ನಡುವೆ 5 ನಿಮಿಷ ವಿರಾಮ. ಒಂದು ರೈಡಿಗೆ 30 ಸೆಕೆಂಡ್. ಒಬ್ಬ ರೈಡರ್ ವಾಪಸ್ ಬಂದ ಮೇಲೆ ಎದುರು ತಂಡ 5 ಸೆಕೆಂಡ್ ಒಳಗೆ ತನ್ನ ರೈಡರ್‌ನನ್ನು ಕಳಿಸಬೇಕು. ಈಗ ಕೊನೆಯ 3 ನಿಮಿಷ ತೆಗೆದುಕೊಳ್ಳಿ. 180 ಸೆಕೆಂಡಿಗೆ ಪೂರ್ತಿ ಎಳೆದು ಆಡಿದರೆ ಆರೇ ರೈಡ್, ತಂಡಕ್ಕೆ ಮೂರು. ಮುಂದೆ ಇರುವ ತಂಡದ ಕೈಯಲ್ಲಿ ರೈಡ್ ಇದ್ದು, ಖಾಲಿ ರೈಡ್ ಲೆಕ್ಕ ಸೊನ್ನೆಯಿಂದ ಶುರುವಾದರೆ, ಅವರು ಎರಡು ಖಾಲಿ ರೈಡ್ ಮಾಡಿ ಐದನೇ ಸರದಿಗೆ ಡೂ ಆರ್ ಡೈ ಎದುರಿಸ್ತಾರೆ. ಆರನೆಯದು ಹಿಂದೆ ಇರುವವರ ಕೊನೆಯ ರೈಡ್. ನಡುನಡುವೆ ಹೋಗುವ ಸೆಕೆಂಡ್ ಸೇರಿಸಿದರೆ ಆರನೆಯದು ಸಿಗುವುದೂ ಸಂಶಯ. ಆದರೆ ಸಮಯ ಮುಗಿಯುವ ಮೊದಲು ಶುರುವಾದ ರೈಡನ್ನು ಪೂರ್ತಿ ಮಾಡಲು ಬಿಡ್ತಾರೆ. ಪ್ರೇಕ್ಷಕರು ಸೀಟಿ ಆಯಿತು ಅಂತ ಒಳಗೆ ನುಗ್ಗಬೇಡಿ.

ಹೀಗಾಗಿ ಮುಂದಿರುವ ತಂಡ 3 ನಿಮಿಷ ಉಳಿದಾಗ ಒಂದು ಸಣ್ಣ ಪಾಯಿಂಟ್ ತೆಗೆದರೆ ಡೂ ಆರ್ ಡೈ ಲೆಕ್ಕ ಮತ್ತೆ ಮೊದಲಿಂದ. ಎದುರಿಗೆ ಆರು ಜನ ಇದ್ದರೆ ಆಗ ಒಂದು ಬೋನಸ್‌ಗೆ ಬಂಗಾರದ ಬೆಲೆ. ಶಿರಸಿಗೆ ಅದನ್ನು ತರಲು 9 ನಂಬರ್ ಇದ್ದಾನೆ. ಕಾರವಾರದಲ್ಲಿ ಬೋನಸ್ ಅಂತ ಹೋಗುವವರು ಯಾರೂ ಕಾಣೋದಿಲ್ಲ. ಅದು ನನ್ನ ಕಣ್ಣಿಗೆ 7 ನಂಬರ್–4 ನಂಬರ್ ಜಟಾಪಟಿಗಿಂತ ದೊಡ್ಡ ವ್ಯತ್ಯಾಸ.

ಟೈಮ್ ಔಟ್ ಒಂದು ಅರ್ಧಕ್ಕೆ ಎರಡು, ಒಂದೊಂದೂ 30 ಸೆಕೆಂಡ್. ಆಗ ಗಡಿಯಾರ ನಿಲ್ಲುತ್ತದೆ. ಮುಂದಿರುವ ತಂಡ ಸುಮ್ಮನೆ ಟೈಮ್ ಔಟ್ ಕೇಳಿ ಎದುರಿನವರಿಗೆ ಉಸಿರು ಕೊಡೋದನ್ನು ಎಷ್ಟು ಸಲ ನೋಡಬೇಕೋ! ಆಟಗಾರರ ಬದಲಾವಣೆ ಟೈಮ್ ಔಟ್ ಅಥವಾ ವಿರಾಮದಲ್ಲಿ ಮಾತ್ರ, ಅದೂ ಒಳಗಿರುವವನಿಗೆ ಬದಲು. ಔಟಾಗಿ ಕೂತ 7 ನಂಬರ್ ಬದಲು ಇನ್ನೊಬ್ಬನನ್ನು ಇಳಿಸಲು ಬರೋದಿಲ್ಲ. ಮಾಸ್ತರ್ರು ಹೇಳಿದ ಸಾಲನ್ನು ತಪ್ಪಿಸಲು ಅಡ್ಡದಾರಿ ಇಲ್ಲ.

ಇನ್ನು ಮ್ಯಾಟ್. ಕರಾವಳಿಯಲ್ಲಿ ಸಂಜೆ ಏಳರ ಮೇಲೆ ಇಬ್ಬನಿ ಕೂರುತ್ತದೆ, ಅದರಲ್ಲೂ ಮಾಲಾದೇವಿ ಸಮುದ್ರಕ್ಕೆ ಹತ್ತಿರ. ಮ್ಯಾಟ್ ಒದ್ದೆಯಾದರೆ ಮೊದಲು ಸೋಲೋದು ರೈಡರ್, ಯಾಕೆಂದರೆ ತಿರುಗುವವನು ಅವನು. ಕಾಲು ಜಾರುವ ಮ್ಯಾಟ್‌ನಲ್ಲಿ ಟೋ ಟಚ್‌ಗಿಂತ ಹ್ಯಾಂಡ್ ಟಚ್ ವಾಸಿ. ಒಣ ಹತ್ತಿಬಟ್ಟೆ ಬೇಕು, ಪ್ರತಿ ಪಾಲಿಗೆ ಇಬ್ಬರು ಒರೆಸುವವರು ಬೇಕು, ವಿರಾಮದ 5 ನಿಮಿಷವೂ ಅವರಿಗೇ ಬಿಡಬೇಕು. ಪೌಡರ್ ಸುರಿಯಬೇಡಿ. ಬೆವರು, ಇಬ್ಬನಿ ಸೇರಿ ಮುದ್ದೆಯಾಗಿ ಇನ್ನೂ ಜಾರುತ್ತದೆ. ಹುಲ್ಲಿನ ಮೇಲೆ ನಡೆದು ಬಂದ ಶೂ ಹಾಗೇ ಮ್ಯಾಟ್ ಹತ್ತಬಾರದು, ಅಂಚಿನಲ್ಲಿ ಒಂದು ಟವೆಲ್ ಹಾಸಿ ಅಡಿ ಒರೆಸಿಕೊಂಡೇ ಬರಬೇಕು. ಒಂದು ಮೀಟರ್ ಚೌಕದ ತುಂಡಾದರೆ 13 ಬೈ 10 ಅಂಕಣಕ್ಕೆ 130 ತುಂಡು. ಕೆಳಗಿನ ನೆಲ ಸಮ ಇಲ್ಲದಿದ್ದರೆ ಕಾರ್ನರ್ ಹತ್ತಿರದ ಜೋಡಣೆಯೇ ಮೊದಲು ಬಾಯಿ ಬಿಡುತ್ತದೆ. ಆ್ಯಂಕಲ್ ಹೋಲ್ಡ್‌ಗೆ ಹಾರಿದವನ ಬೆರಳು ಅಲ್ಲಿ ಸಿಕ್ಕಿದರೆ ಮ್ಯಾಚ್ ಮುಗಿಯಿತು ಅವನಿಗೆ. ಬೆಳಗ್ಗೆಯೇ ಬಗ್ಗಿ ಕೈಯಾಡಿಸಿ ನೋಡಿ, ಟೇಪ್ ಹಾಕಿ.

ಉಗುರು ಕತ್ತರಿಸಿರಬೇಕು, ಮೈಗೆ ಎಣ್ಣೆ ಇರಬಾರದು, ಉಂಗುರ–ಕಡಗ–ದಾರ ಬಿಚ್ಚಿರಬೇಕು. ತೂಕದ ಮಿತಿ ಪುರುಷರಿಗೆ 85 ಕೆ.ಜಿ. ಶಿರಸಿಯ 2 ನಂಬರ್ ಕಡೆಯವರು ಶನಿವಾರ ರಾತ್ರಿಯ ಊಟ ನೋಡಿಕೊಳ್ಳಿ.

ಘಟ್ಟದ ಮೇಲಿನವ

ಹ್ಹ ಹ್ಹ. 2 ನಂಬರ್‌ಗೆ ಶನಿವಾರ ಗಂಜಿ ಮಾತ್ರ ಹೇಳಿ ಕೋಚ್‌ಗೆ ತಿಳಿಸ್ತೇನೆ.

ತೂಕಕ್ಕಿಂತ ನಮಗೆ ಚಿಂತೆ ಸೆಖೆ. ಶಿರಸಿಯ ಸಂಜೆಗೆ ಒಗ್ಗಿದ ಮೈ, ಕಾರವಾರದಲ್ಲಿ ಹತ್ತು ನಿಮಿಷಕ್ಕೇ ಬೆವರಿ ಒದ್ದೆ. ಎರಡನೇ ಅರ್ಧದಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ, ಅದೂ ಕಾರ್ನರ್‌ನವರಿಗೆ ಮೊದಲು, ಯಾಕೆಂದರೆ ಅವರು ಉದ್ದಕ್ಕೂ ಕುಕ್ಕರಗಾಲಲ್ಲೇ ಇರ್ತಾರೆ. ತಂಡ ಭಾನುವಾರ ಮಧ್ಯಾಹ್ನ ದೇವಿಮನೆ ಘಟ್ಟ ಇಳಿದು ನೇರ ಮೈದಾನಕ್ಕೆ ಬಂದರೆ ಕೆಟ್ಟಿತು. ಶನಿವಾರವೇ ಕೆಳಗೆ ಬಂದು ಮಲಗೋದು ಒಳ್ಳೆಯದು. ಈ ಒಂದು ವಿಷಯದಲ್ಲಿ ಕಾರವಾರಕ್ಕೆ ಲಾಭ ಅಂತ ಒಪ್ಪುತ್ತೇನೆ.

ಹೊನ್ನಾವರ ಮಾಸ್ತರ

ಸೆಖೆಗೆ ಬರೀ ನೀರು ಕುಡಿಸಬೇಡಿ, ಉಪ್ಪು ಹೋದದ್ದು ತುಂಬಬೇಕು. ಮುರುಗಲು ಪಾನಕಕ್ಕೆ ಸಕ್ಕರೆ ಕಡಿಮೆ, ಉಪ್ಪು ಒಂದು ಚಿಟಿಕೆ ಜಾಸ್ತಿ, ಮ್ಯಾಚಿಗೆ ಎರಡು ತಾಸು ಮುಂಚಿನಿಂದ ಗುಟುಕು ಗುಟುಕಾಗಿ. ವಿರಾಮದಲ್ಲಿ ಹೊಟ್ಟೆ ತುಂಬ ಕುಡಿದರೆ ಎರಡನೇ ಅರ್ಧದ ಮೊದಲ ಡ್ಯಾಶ್‌ಗೇ ವಾಂತಿ.

ಅಂಪೈರ್ ಸಾಹೇಬರು ಬೋನಸ್ ಬಗ್ಗೆ ಹೇಳಿದ್ದನ್ನು ಒಂದು ಹೆಜ್ಜೆ ಮುಂದೆ ಒಯ್ಯಬೇಕು. ಸಮ ಆದರೆ ಏನು? ನಾಕೌಟ್‌ನಲ್ಲಿ ಸಮವಾದರೆ ತಂಡಕ್ಕೆ ಐದೈದು ರೈಡ್, ಐದು ಬೇರೆ ಬೇರೆ ರೈಡರ್. ಏಳೂ ಜನ ಒಳಗೇ ಇರ್ತಾರೆ, ಔಟಾದರೂ ಹೊರಗೆ ಹೋಗೋದಿಲ್ಲ, ಪಾಯಿಂಟ್ ಮಾತ್ರ ಲೆಕ್ಕ. ಬಾಕ್ ಲೈನೇ ಬೋನಸ್ ಲೈನೂ ಆಗುತ್ತದೆ, 3.75 ಮೀಟರ್ ದಾಟಿದರೆ ಬೋನಸ್. ಶಿರಸಿಗೆ 9 ಇದ್ದಾನೆ, 2 ಇದ್ದಾನೆ, ಇನ್ನೊಬ್ಬ ಎಡಗಾಲಿನ ರೈಡರ್ ಇದ್ದಾನೆ. ಕಾರವಾರಕ್ಕೆ 7 ಬಿಟ್ಟರೆ ನಾಲ್ಕು ಹೆಸರು ಬರೆಯಲು ಕೋಚ್ ತಲೆ ಕೆರೆದುಕೊಳ್ಳಬೇಕು. ಹಾಗಾಗಿ ಕೊನೆಯ ನಿಮಿಷದಲ್ಲಿ ಸಮ ಇದ್ದು ರೈಡ್ ಕಾರವಾರದ ಕೈಯಲ್ಲಿದ್ದರೆ ಖಾಲಿ ಬರಬಾರದು, ನುಗ್ಗಬೇಕು. ಶಿರಸಿಯವರು ಅದೇ ಸ್ಥಿತಿಯಲ್ಲಿ ಆರಾಮವಾಗಿ ಕಾಯಬಹುದು.

ಈ ವಾರ ಕಾರವಾರದವರು ಅಭ್ಯಾಸ ಮಾಡಬೇಕಾದ್ದು 7 ನಂಬರ್‌ಗೆ ಅಲ್ಲ, ಅವನು ಕೂತಿರುವಾಗ ಹೋಗುವ ಎರಡನೇ, ಮೂರನೇ ರೈಡರ್‌ಗೆ. ಮ್ಯಾಟ್ ಮೇಲೆ ಏಳು ಜನರನ್ನು ನಿಲ್ಲಿಸಿ, ಬಾಕ್ ಲೈನ್ ಮುಟ್ಟಿ ದಾಟಿ ವಾಪಸ್, ದಿನಕ್ಕೆ 20 ಸಲ. ಹಿಡಿಯಲು ಬಂದಾಗ ಒಳಗೆ ಹೋಗದೆ ಹಿಂದಕ್ಕೆ ಹಾರುವ ಅಭ್ಯಾಸ. ಅವರಿಂದ ಪಾಯಿಂಟ್ ಬರದಿದ್ದರೂ ಪರವಾಗಿಲ್ಲ, ಸಿಕ್ಕಿಬೀಳಬಾರದು.

ಸದಾಶಿವಗಡ ಎಕ್ಸ್‌ಪ್ರೆಸ್

ಹಾಗಾದ್ರೆ ಮಾಸ್ತರ್ರೇ ನೀವು ಶಿರಸಿ ಅಂತೀರಾ?

ಹೊನ್ನಾವರ ಮಾಸ್ತರ

ಮೊದಲ ಅರ್ಧ ಮುಗಿದಾಗ ಕಾರವಾರ ಐದು ಪಾಯಿಂಟ್ ಮುಂದೆ ಇದ್ದರೆ ಕಾರವಾರ. ಇಲ್ಲದಿದ್ದರೆ ಶಿರಸಿ.

ಕೋಡಿಬಾಗದ ಹುಡುಗ

ಅಂಪೈರ್ ಸರ್, ಒಂದೇ ಪ್ರಶ್ನೆ. ಔಟಾದವರು ಕೂತ ಸಾಲು ತಪ್ಪಿದರೆ? ಜಿಲ್ಲೆಯ ಮ್ಯಾಚ್‌ಗಳಲ್ಲಿ ಹುಡುಗರು ಎಲ್ಲೆಂದರಲ್ಲಿ ಕೂತಿರ್ತಾರೆ.

ಅಂಕೋಲಾ ಅಂಪೈರ್

ಸಿಟ್ಟಿಂಗ್ ಬ್ಲಾಕ್ ಎಂಡ್ ಲೈನಿಂದ 2 ಮೀಟರ್ ಹಿಂದೆ ಇರುತ್ತದೆ. ಔಟಾದ ಕ್ರಮದಲ್ಲಿ ಕೂರಿಸಿ ಬರೆದಿಟ್ಟುಕೊಳ್ಳೋದು ಸಹಾಯಕ ಸ್ಕೋರರ್ ಕೆಲಸ, ಎರಡೂ ಕಡೆ ಒಬ್ಬೊಬ್ಬರು ಇರ್ತಾರೆ. ಆದರೆ ಒಂದೇ ರೈಡ್‌ನಲ್ಲಿ ಇಬ್ಬರು–ಮೂವರು ಔಟಾದಾಗ ಯಾರು ಮೊದಲು ಅನ್ನೋದರಲ್ಲೇ ಗಲಾಟೆ ಬರೋದು. ಕಾರವಾರದ ಮ್ಯಾನೇಜರ್ ತಾವೂ ಒಂದು ಚೀಟಿಯಲ್ಲಿ ನಂಬರ್ ಬರೆಯುತ್ತ ಹೋಗಲಿ. ತಕರಾರಿದ್ದರೆ ಮುಂದಿನ ರೈಡ್ ಶುರುವಾಗುವ ಮೊದಲೇ ಕ್ಯಾಪ್ಟನ್ ಮೂಲಕ ರೆಫರಿಗೆ ಹೇಳಬೇಕು, ಬೆಂಚಿನಿಂದ ಕೂಗಿದರೆ ಎಚ್ಚರಿಕೆಯ ಹಸಿರು ಕಾರ್ಡ್. ಡೂ ಆರ್ ಡೈ, ಟೈ ಬ್ರೇಕರ್ ನಿಯಮ ಯಾವುದು ಅನ್ನೋದನ್ನೂ ಬೆಳಗಿನ ಮ್ಯಾನೇಜರ್ ಮೀಟಿಂಗ್‌ನಲ್ಲೇ ಬಾಯಿಬಿಟ್ಟು ಕೇಳಿಕೊಳ್ಳಿ. ಐದು ರೈಡರ್‌ಗಳ ಪಟ್ಟಿ ಈಗಲೇ ಬರೆದು ಜೇಬಿನಲ್ಲಿಟ್ಟುಕೊಳ್ಳಲಿ, ಸಮ ಆದ ಮೇಲೆ ಯೋಚನೆ ಮಾಡಲು ಯಾರೂ ಹೊತ್ತು ಕೊಡೋದಿಲ್ಲ.